ಎದೆ ಉಳಿಸಿದ ಕೈಯ ಮಾತನ್ನೂ ಕೇಳು

ತಮ್ಮಾ,

ಹೃದಯದ ಮೂರು ನಾಳ ಕಟ್ಟಿವೆ, ಬೈಪಾಸ್ ಮಾಡಲೇಬೇಕು ಅಂದರಂತೆ. ಅದರಲ್ಲಿ ಒಂದು ಜೋಡಣೆಗೆ ಎಡಗೈಯ ನಾಳ ತೆಗೆಯುತ್ತೇವೆ ಅಂದಾಗಿನಿಂದ ನೀನು ಸರಿಯಾಗಿ ಉಂಡಿಲ್ಲ ಎಂದು ನಿಮ್ಮವ್ವ ಹೇಳಿ ಕಳಿಸಿದ್ದಾಳೆ. ಎದೆ ಕೊಯ್ಯುತ್ತಾರೆ ಅಂದಾಗ ತಡೆದುಕೊಂಡವನು ಕೈ ಅಂದೊಡನೆ ಕುಸಿದದ್ದು ನನಗೆ ವಿಚಿತ್ರ ಅನಿಸಲಿಲ್ಲ. ಹಿರೇಕೆರೂರಿನ ಕಡೆ ನಾವು ಬದುಕುವುದೇ ಕೈ ಮೇಲೆ. ಗೋವಿನಜೋಳ ಕೊಯ್ಯುವಾಗ ದಂಟು ಹಿಡಿಯುವುದು ಎಡಗೈ, ಬೈಕಿನ ಕ್ಲಚ್ಚು ಹಿಡಿಯುವುದು ಎಡಗೈ, ಎಮ್ಮೆ ಹಿಂಡುವುದಕ್ಕೆ ಎರಡೂ ಬೇಕು.

ನನ್ನ ಎಡಗೈಯಿಂದಲೂ ನಾಳ ತೆಗೆದಿದ್ದಾರೆ, ನಿನಗೆ ಗೊತ್ತಿದೆ. ಆ ಕೈಯಿಂದ ಇವತ್ತಿಗೂ ಎಲ್ಲ ಕೆಲಸ ಮಾಡುತ್ತೇನೆ. ಹೆಬ್ಬೆರಳಿನ ಬೆನ್ನ ಮೇಲೆ ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಇನ್ನೂ ಜೋಮು. ಆಪರೇಷನ್ ಮಾಡಿಸಬೇಕೋ ಬೇಡವೋ ಎಂದು ನಾನು ಹೇಳುವುದಿಲ್ಲ, ಅದು ನಿನ್ನ ಡಾಕ್ಟರ ಮಾತು. ನಾನು ಹೇಳುವುದು ಇಷ್ಟೇ: ಜೀವ ಉಳಿಯಿತಲ್ಲ, ಇನ್ನು ಕೈಯದೇನು ಎಂದು ಕೈಯ ಸಂಕಟವನ್ನು ನುಂಗಿಕೊಳ್ಳಬೇಡ. ಮೊದಲೂ ಹೇಳು, ಆಮೇಲೂ ಹೇಳು. ಹೇಳುವುದಕ್ಕೆ ಏನು ಗಮನಿಸಬೇಕು ಅನ್ನುವುದಷ್ಟು ಗೊತ್ತಿರಲಿ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಲಿ. ಊರಲ್ಲಿ ಎಲ್ಲರೂ ‘ಅವಂದು ಕೈಯಾಗಿನ ನರ ತಗದು ಎದಿಗೆ ಹಾಕ್ಯಾರ’ ಅನ್ನುತ್ತಾರೆ. ತೆಗೆಯುವುದು ರಕ್ತನಾಳ, ರೇಡಿಯಲ್ ಧಮನಿ. ಮಣಿಕಟ್ಟಿನಲ್ಲಿ ಹೆಬ್ಬೆರಳ ಕಡೆ ನಾಡಿ ಹಿಡಿದು ನೋಡುತ್ತಾರಲ್ಲ, ಅದೇ. ಸ್ಪರ್ಶ, ನೋವು, ಬಿಸಿ ತಿಳಿಸುವ ನರ ಬೇರೆ, ಅದನ್ನು ಯಾರೂ ತೆಗೆಯುವುದಿಲ್ಲ. ಆದರೆ ಅದು ಧಮನಿಯ ಮಗ್ಗುಲಲ್ಲೇ ಹಾದು ಹೋಗುತ್ತದೆ. ಧಮನಿಯನ್ನು ಬಿಡಿಸುವಾಗ ನರಕ್ಕೆ ಎಳೆತ, ಒತ್ತಡ, ಕೆಲವೊಮ್ಮೆ ಶಾಖದ ಪೆಟ್ಟು ತಾಗುತ್ತದೆ. ಆಮೇಲಿನ ಜೋಮಿಗೆ ಹೆಚ್ಚಾಗಿ ಇದೇ ಕಾರಣ.

ಕಾಲಿನ ನಾಳ ಇರುವಾಗ ಕೈಯದೇ ಯಾಕೆ ಎಂದು ಕೇಳಿದೆಯಂತೆ. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಅರ್ಜೆಂಟೀನಾದ ಡಾ. ರೆನೆ ಫವಲೊರೊ ಕಾಲಿನ ನಾಳದಿಂದ ಬೈಪಾಸ್ ಮಾಡಿದ ಮೇಲೆ ಆ ಪದ್ಧತಿ ಜಗತ್ತಿಗೆಲ್ಲ ಹರಡಿತು. ಇಂದಿಗೂ ಅದು ನಡೆಯುತ್ತದೆ. ಕಾಲಿನಿಂದ ತೆಗೆಯುವುದು ಅಭಿಧಮನಿ. ಕಡಿಮೆ ಒತ್ತಡದ ರಕ್ತ ಹರಿದು ಅದಕ್ಕೆ ರೂಢಿ. ಹೃದಯದ ಒತ್ತಡಕ್ಕೆ ಸಿಕ್ಕಾಗ ವರ್ಷ ಕಳೆದಂತೆ ಅದರ ಗೋಡೆ ದಪ್ಪವಾಗಿ ಮತ್ತೆ ಕಟ್ಟಿಕೊಳ್ಳುವುದುಂಟು. ಧಮನಿಗೆ ಹುಟ್ಟಿನಿಂದಲೇ ಆ ಒತ್ತಡ ಒಗ್ಗಿರುತ್ತದೆ. ಎದೆಗೂಡಿನ ಒಳಗೋಡೆಯ ಮ್ಯಾಮರಿ ಧಮನಿಯನ್ನು ಮುಖ್ಯ ನಾಳಕ್ಕೆ ಜೋಡಿಸುವುದು ಇದಕ್ಕಾಗಿಯೇ. ಎರಡನೆಯ ಜೋಡಣೆಗೆ ಕೈಯ ಧಮನಿ.

ಕೈಯ ಧಮನಿಯದೂ ನೇರ ದಾರಿಯ ಕಥೆಯಲ್ಲ. 1970ರ ದಶಕದ ಆರಂಭದಲ್ಲಿ ಪ್ಯಾರಿಸ್‌ನ ಡಾ. ಅಲೆನ್ ಕಾರ್ಪೆಂಟಿಯೆ ಇದನ್ನು ಬಳಸಿ ನೋಡಿದರು. ಆ ನಾಳದ ಗೋಡೆಯಲ್ಲಿ ಸ್ನಾಯು ಜಾಸ್ತಿ, ಮುಟ್ಟಿದರೆ ಸೆಟೆದುಕೊಂಡು ಸಣ್ಣದಾಗುತ್ತದೆ. ಜೋಡಣೆಗಳು ಬೇಗ ಮುಚ್ಚಿಹೋಗುತ್ತಿವೆ ಎಂದು ಕಂಡು ಅವರೇ ಕೈಬಿಟ್ಟರು. ಎಷ್ಟೋ ವರ್ಷಗಳ ಮೇಲೆ, ಮುಚ್ಚಿಹೋಗಿದೆ ಎಂದುಕೊಂಡಿದ್ದ ಕೆಲವು ಹಳೆಯ ಜೋಡಣೆಗಳಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿರುವುದು ಕಂಡಿತು. 1992ರಲ್ಲಿ ಅಲ್ಲಿಯವರೇ ಆದ ಡಾ. ಕ್ರಿಸ್ಟೋಫ್ ಅಕಾರ್ ಮತ್ತು ಸಂಗಡಿಗರು ಅದನ್ನು ಮತ್ತೆ ಬಳಕೆಗೆ ತಂದರು. ಸುತ್ತಲಿನ ಅಂಗಾಂಶದ ಸಮೇತ ನಯವಾಗಿ ಬಿಡಿಸುವುದು, ಸೆಟೆತ ತಡೆಯುವ ಔಷಧ ಕೊಡುವುದು ರೂಢಿಗೆ ಬಂತು. 2018ರಲ್ಲಿ ಆರು ಅಧ್ಯಯನಗಳ 1,036 ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದಾಗ, ಐದು ವರ್ಷಕ್ಕೆ ಕಾಲಿನ ನಾಳಕ್ಕಿಂತ ಕೈಯ ಧಮನಿ ಮೇಲು ಎಂದು ಕಂಡಿತು. 2020ರಲ್ಲಿ ಪ್ರಕಟವಾದ ಹತ್ತು ವರ್ಷದ ಲೆಕ್ಕವೂ ಅದನ್ನೇ ಹೇಳಿತು. ಎಂದಮೇಲೆ ನಿನ್ನ ಡಾಕ್ಟರು ಕೈ ಕೇಳಿದ್ದು ನಿನ್ನ ಮುಂದಿನ ವರ್ಷಗಳನ್ನು ನೋಡಿ.

ಹಾಗಾದರೆ ಕೈಗೆ ರಕ್ತ ಎಲ್ಲಿಂದ? ಒಂದೇ ಹೊಲಕ್ಕೆ ಎರಡು ಕಡೆಯಿಂದ ಕಾಲುವೆ ಬಂದು ಒಳಗೆ ಕೂಡಿಕೊಂಡಂತೆ ನಮ್ಮ ಅಂಗೈಯ ವ್ಯವಸ್ಥೆ. ಹೆಬ್ಬೆರಳ ಕಡೆಯಿಂದ ರೇಡಿಯಲ್, ಕಿರುಬೆರಳ ಕಡೆಯಿಂದ ಅಲ್ನರ್, ಎರಡೂ ಅಂಗೈಯಲ್ಲಿ ಕಮಾನಿನಂತೆ ಕೂಡುತ್ತವೆ. ಒಂದನ್ನು ತೆಗೆದರೂ ಇನ್ನೊಂದು ಬೆರಳುಗಳಿಗೆಲ್ಲ ರಕ್ತ ಹರಿಸುತ್ತದೆ. ಆದರೆ ಎಲ್ಲರ ಕೈಯಲ್ಲೂ ಈ ಕೂಡಿಕೆ ಒಂದೇ ಥರ ಗಟ್ಟಿಯಾಗಿರುವುದಿಲ್ಲ. ಅದಕ್ಕೇ ಪರೀಕ್ಷೆ ಇದೆ. 1929ರಲ್ಲಿ ಅಮೆರಿಕದ ಡಾ. ಎಡ್ಗರ್ ಅಲೆನ್ ವಿವರಿಸಿದ್ದು, ಈಗ ಸ್ವಲ್ಪ ಬದಲಾದ ರೂಪದಲ್ಲಿ ಮಾಡುತ್ತಾರೆ. ಮುಷ್ಟಿ ಬಿಗಿ ಹಿಡಿಸಿ, ಮಣಿಕಟ್ಟಿನ ಎರಡೂ ಧಮನಿ ಒತ್ತಿ, ಅಂಗೈ ಬಿಳುಚಿದ ಮೇಲೆ ಕಿರುಬೆರಳ ಕಡೆಯದನ್ನು ಮಾತ್ರ ಬಿಡುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಅಂಗೈ ಕೆಂಪಾದರೆ ಒಳ್ಳೆಯದು. ತಡವಾದರೆ, ಅನುಮಾನವಿದ್ದರೆ ಡಾಪ್ಲರ್ ಸ್ಕ್ಯಾನ್ ಮಾಡಿ ನೋಡುತ್ತಾರೆ. ‘ಸರ್, ನನ್ನ ಕೈಗೆ ಈ ಪರೀಕ್ಷೆ ಆಗಿದೆಯಾ, ಏನು ಬಂತು’ ಎಂದು ನೀನು ಕೇಳಬಹುದು. ಅದರಲ್ಲಿ ಅಧಿಕಪ್ರಸಂಗ ಏನಿಲ್ಲ.

ಕೇಳುವುದಕ್ಕಿಂತ ಹೇಳುವುದು ಹೆಚ್ಚಿದೆ. ಆಂಜಿಯೋಗ್ರಾಮ್ ಯಾವ ಕೈಯ ಮಣಿಕಟ್ಟಿನಿಂದ ಮಾಡಿದರು? ಕೊಳವೆ ತೂರಿಸಿದ ನಾಳದ ಒಳಪದರಕ್ಕೆ ಗಾಯವಾಗಿರಬಹುದು, ಅದನ್ನು ಹೃದಯಕ್ಕೆ ಜೋಡಿಸಲು ಸರ್ಜನ್‌ಗಳು ಹಿಂಜರಿಯುತ್ತಾರೆ. ನೀನು ಎಡಚನಾ? ಬಲಗೈ ರೂಢಿ ಎಂದುಕೊಂಡೇ ಎಡಗೈ ಆರಿಸುವುದು. ಉಣ್ಣುವ, ಬರೆಯುವ, ಕುಡುಗೋಲು ಬೀಸುವ ಕೈ ಯಾವುದೆಂದು ಬಾಯಿಬಿಟ್ಟು ಹೇಳು. ಆ ಕೈಗೆ ಹಿಂದೆ ಮೂಳೆ ಮುರಿದಿತ್ತಾ, ಮಣಿಕಟ್ಟು ಕೊಯ್ದಿತ್ತಾ? ಚಳಿಗೆ ಬೆರಳು ಬೆಳ್ಳಗಾಗುತ್ತವೆಯಾ? ಮೂತ್ರಪಿಂಡ ದುರ್ಬಲ, ಕ್ರಿಯಾಟಿನಿನ್ ಜಾಸ್ತಿ ಎಂದು ಯಾರಾದರೂ ಹೇಳಿದ್ದರೆ ಅದನ್ನಂತೂ ಮರೆಯಬೇಡ. ಮುಂದೆ ಡಯಾಲಿಸಿಸ್ ಬೇಕಾದರೆ ಧಮನಿ, ಅಭಿಧಮನಿ ಕೂಡಿಸಿ ಫಿಸ್ಟುಲಾ ಮಾಡುವುದಕ್ಕೆ ಇದೇ ಧಮನಿ ಬೇಕಾಗುತ್ತದೆ.

ನಿನಗೆ ಸಕ್ಕರೆ ಕಾಯಿಲೆಯೂ ಇದೆ. ಈಗಲೇ ರಾತ್ರಿ ಬೆರಳು ಮರಗಟ್ಟುತ್ತವೆಯೋ, ಅಂಗಾಲು ಉರಿಯುತ್ತದೆಯೋ ನೋಡಿಕೊಂಡು ಆಪರೇಷನ್ನಿಗೆ ಮೊದಲೇ ಒಂದು ಕಾಗದದಲ್ಲಿ ಬರೆದಿಡು. ಕೈಯ ಚಿತ್ರ ಬರೆದು ಎಲ್ಲಿ ಜೋಮು ಇದೆ ಎಂದು ಗುರುತು ಮಾಡಿದರೆ ಇನ್ನೂ ಮೇಲು. ಹಳೆಯದು ಯಾವುದು, ಹೊಸದು ಯಾವುದು ಎಂದು ಆಮೇಲೆ ಗೊಂದಲವಾಗುವುದಿಲ್ಲ. ಹೊರಡುವ ಮುನ್ನ ಬೆರಳಿನ ಉಂಗುರ, ತಾಮ್ರದ ಕಡಗ, ಜಾತ್ರೆಯಲ್ಲಿ ಕಟ್ಟಿಸಿಕೊಂಡ ಕೈದಾರ ಎಲ್ಲ ತೆಗೆದು ಮನೆಯಲ್ಲಿಡು. ಕೈ ಬಾತಾಗ ಅವು ಬಿಗಿಯುತ್ತವೆ. ದೇವರು ಸಿಟ್ಟಾಗುವುದಿಲ್ಲ.

ಇನ್ನು ಆಪರೇಷನ್ ಆದ ಮೇಲಿನ ಮಾತು. ಎಚ್ಚರವಾದಾಗ ಮುಂಗೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಪಟ್ಟಿ ಇರುತ್ತದೆ. ದುರ್ಬೀನಿನಿಂದ ಮಾಡಿದರೆ ಗಾಯ ಸಣ್ಣದು. ಕೈಯನ್ನು ದಿಂಬಿನ ಮೇಲೆ ಎತ್ತರಿಸಿ ಇಟ್ಟುಕೋ, ಬೆರಳುಗಳನ್ನು ಆಗಾಗ ಮಡಚಿ ಬಿಡಿಸು. ನೋವೆಂದು ಕೈಯನ್ನು ಎದೆಗೆ ಒತ್ತಿಕೊಂಡು ಕೂತರೆ ಬಾವು ಇಳಿಯುವುದಿಲ್ಲ, ಕೀಲು ಬಿಗಿಯುತ್ತವೆ.

ಜೋಮು ಎಲ್ಲಿದೆ ಎಂದು ನೋಡಿಕೊಳ್ಳುವುದು ಮುಖ್ಯ. ಹೆಬ್ಬೆರಳಿನ ಬೆನ್ನು, ತೋರುಬೆರಳಿನ ಬೆನ್ನು, ಅವೆರಡರ ನಡುವಿನ ಚರ್ಮ ಮಂಕಾದರೆ ಅದು ರೇಡಿಯಲ್ ನರದ ಮೇಲ್ಪದರದ ಕವಲು. ಮುಂಗೈಯ ಹೆಬ್ಬೆರಳ ಕಡೆಯ ಅಂಚಿನ ಉದ್ದಕ್ಕೂ ಜೋಮಾದರೆ ಅಲ್ಲಿಯ ಚರ್ಮಕ್ಕೆ ಬರುವ ಇನ್ನೊಂದು ನರ. ಇವೆರಡೂ ಸ್ಪರ್ಶದ ನರಗಳು, ಬೆರಳು ಆಡಿಸುವ ಬಲ ಇವುಗಳದಲ್ಲ. ಆದ್ದರಿಂದ ಇಂಥ ಜೋಮು ಎಷ್ಟೇ ಕಿರಿಕಿರಿ ಮಾಡಿದರೂ ಕೈ ಸೋಲುವುದಿಲ್ಲ.

ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದರೆ ಕಥೆ ಬೇರೆ. ಎದೆಮೂಳೆ ಸೀಳಿ ಅಗಲಿಸುವಾಗ ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಗುಂಪಿಗೆ ಎಳೆತ ಬೀಳುತ್ತದೆ. ಮೇಜಿನ ಮೇಲೆ ತಾಸುಗಟ್ಟಲೆ ಮಲಗಿರುವಾಗ ಮೊಣಕೈ ಒತ್ತಿದರೂ ಹೀಗಾಗುತ್ತದೆ. ಕೈಯಿಂದ ನಾಳವನ್ನೇ ತೆಗೆಯದವರಿಗೂ ಇದು ಬರುತ್ತದೆ, ಬಲಗೈಗೂ ಬರುತ್ತದೆ. ಇದರಲ್ಲಿ ಹಿಡಿತ ಸಡಿಲವಾಗಬಹುದು. ಬಹುಪಾಲು ಜನರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಆದರೂ ಡಾಕ್ಟರಿಗೆ ತಿಳಿಸಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಅಂಗೈ ಕಡೆ ರಾತ್ರಿ ಹೊತ್ತು ಮರಗಟ್ಟಿದರೆ ಅದು ಮಣಿಕಟ್ಟಿನ ಸುರಂಗದಲ್ಲಿ ನರ ಒತ್ತಿಕೊಂಡದ್ದು. ಸಕ್ಕರೆಯವರಲ್ಲಿ ಇದು ಹೆಚ್ಚು. ‘ಕೈ ಜುಮ್ ಅಂತೈತ್ರೀ’ ಎಂದಷ್ಟೇ ಹೇಳಿದರೆ ಡಾಕ್ಟರಿಗೆ ಇವುಗಳಲ್ಲಿ ಯಾವುದೆಂದು ತಿಳಿಯುವುದು ಹೇಗೆ? ಬೆರಳಿಟ್ಟು ತೋರಿಸು.

ಈ ಜೋಮು ಎಷ್ಟು ದಿನ ಅನ್ನುತ್ತೀಯಾ? ನರಕ್ಕೆ ಬರಿ ಒತ್ತು ಬಿದ್ದಿದ್ದರೆ ವಾರಗಳಲ್ಲಿ ತಿಳಿಯಾಗುತ್ತದೆ. ಒಳಗಿನ ಎಳೆ ಕಡಿದು ಹೊರಗಿನ ಕವಚ ಉಳಿದಿದ್ದರೆ ಎಳೆ ಮತ್ತೆ ಬೆಳೆಯಬೇಕು. ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಪೆಟ್ಟು ಬಿದ್ದ ಜಾಗದಿಂದ ಹೆಬ್ಬೆರಳಿಗೆ ಒಂದು ಗೇಣು ದೂರ ಎಂದಿಟ್ಟುಕೋ. ಗೇಣೆಂದರೆ ಸುಮಾರು 22 ಸೆಂಟಿಮೀಟರ್, 220 ದಿನ, ಏಳು ತಿಂಗಳಿಗೂ ಮೇಲೆ. ಮುಂಗಾರಿನಲ್ಲಿ ಆಪರೇಷನ್ ಆದವನು ಯುಗಾದಿವರೆಗೆ ತಾಳಬೇಕಾಗಬಹುದು. ನಡುವೆ ಚುರುಚುರು ಅನ್ನುತ್ತದೆ, ಇರುವೆ ಹರಿದಂತಾಗುತ್ತದೆ, ಗಾಯದ ಗುಂಟ ಬೆರಳಿನಿಂದ ತಟ್ಟಿದರೆ ಕರೆಂಟು ಹೊಡೆದಂತಾಗುತ್ತದೆ. ಆ ಕರೆಂಟಿನ ಜಾಗ ತಿಂಗಳು ತಿಂಗಳಿಗೆ ಹೆಬ್ಬೆರಳ ಕಡೆ ಸರಿಯುತ್ತಿದ್ದರೆ ಅದು ನರ ಬೆಳೆಯುತ್ತಿರುವ ಗುರುತು, ಸಂತೋಷಪಡು. ಒಂದೇ ಬಿಂದುವಿನಲ್ಲಿ ನಿಂತು, ಅಂಗಿಯ ತೋಳು ತಾಗಿದರೂ ಜೀವ ಹೋದಂತಾದರೆ ಅಲ್ಲಿ ನರದ ತುದಿ ಗಂಟಾಗಿರಬಹುದು, ತೋರಿಸಬೇಕು. ಹೆಚ್ಚಿನವರಿಗೆ ಜೋಮು ಪೂರ್ತಿ ಹೋಗುತ್ತದೆ ಅಥವಾ ನನ್ನಂತೆ ಸಣ್ಣ ತುಣುಕಾಗಿ ಉಳಿಯುತ್ತದೆ. ಕಾಲಿನಿಂದ ನಾಳ ತೆಗೆದವರಿಗೆ ಪಾದದ ಗಿಣ್ಣಿನ ಒಳಗಡೆ, ಮ್ಯಾಮರಿ ಧಮನಿ ತೆಗೆದವರಿಗೆ ಎಡಎದೆಯ ಮೇಲೆ ಇಂಥದೇ ಜೋಮು ಇರುತ್ತದೆ. ನಿನ್ನೊಬ್ಬನಿಗೇ ಬಂದ ಶಿಕ್ಷೆ ಎಂದುಕೊಳ್ಳಬೇಡ.

ಇಷ್ಟು ಹೊತ್ತು ತಾಳು ಎಂದೆ. ತಾಳಬಾರದ ಸಂಗತಿಗಳೂ ಇವೆ, ಇವನ್ನು ಮನೆಯವರಿಗೂ ಓದಿ ಹೇಳು. ಮುಂಗೈ ಕಲ್ಲಿನಂತೆ ಬಿಗಿದು, ಗಾಯಕ್ಕೆ ಮೀರಿದ ನೋವು ಬಂದು, ಬೆರಳನ್ನು ಬೇರೆಯವರು ನೆಟ್ಟಗೆ ಮಾಡಿದರೆ ಕಿರುಚುವಂತಾದರೆ ಒಳಗೆ ಒತ್ತಡ ಏರಿ ಸ್ನಾಯುವಿಗೆ ರಕ್ತ ನಿಲ್ಲುತ್ತಿದೆ ಎಂದರ್ಥ. ಬಹಳ ಅಪರೂಪ, ಆದರೆ ತಾಸುಗಳ ಲೆಕ್ಕ. ಪಟ್ಟಿ ಬಿಚ್ಚಿಸು, ಡಾಕ್ಟರನ್ನು ಕರೆಸು, ಬೆಳಗಾಗಲಿ ಎಂದು ಕಾಯಬೇಡ. ಬೆರಳು ತಣ್ಣಗಾಗಿ ಬಿಳುಚಿದರೆ, ನೀಲಿಗಟ್ಟಿದರೆ ಅದೂ ಅಷ್ಟೇ ತುರ್ತು. ಗಾಯ ಕೆಂಪಾಗಿ ಕೀವು ಸುರಿದರೆ, ಜ್ವರ ಬಂದರೆ ಅವತ್ತೇ ತೋರಿಸು. ಮಣಿಕಟ್ಟು ಮೇಲೆತ್ತಲು ಆಗದೆ ಕೈ ಜೋತುಬಿದ್ದರೆ ಅದು ಮಾಮೂಲಿ ಜೋಮಲ್ಲ. ಒಮ್ಮೆಲೇ ಇಡೀ ಕೈ ಸೋತು, ಜೊತೆಗೆ ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ ‘ನಾಳ ತೆಗೆದ ಕೈ, ಹಾಗೇ ಇರುತ್ತದೆ’ ಎಂದು ಯಾರೂ ಸಮಾಧಾನ ಹೇಳಕೂಡದು. ಅದು ಲಕ್ವ, ಮಿದುಳಿನ ತೊಂದರೆ. 108ಕ್ಕೆ ಫೋನ್ ಮಾಡಬೇಕು.

ಊರಿಗೆ ಬಂದ ಮೇಲೆ ಔಷಧಕ್ಕಿಂತ ಸಲಹೆಗಳೇ ಜಾಸ್ತಿ ಸಿಗುತ್ತವೆ. ಹಸಿ ಗಾಯಕ್ಕೆ ಅರಿಸಿನ, ಸುಣ್ಣ, ಎಣ್ಣೆ ಹಚ್ಚಬೇಡ. ಸ್ಪರ್ಶವಿಲ್ಲದ ಚರ್ಮದ ಮೇಲೆ ಬಿಸಿನೀರಿನ ಚೀಲ ಇಟ್ಟು ಶಾಖ ಕೊಡಬೇಡ, ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ. ನರಕ್ಕೆ ಶಕ್ತಿ ಬರಲಿ ಎಂದು ಮೆಡಿಕಲ್ ಅಂಗಡಿಯಿಂದ ಕೆಂಪು ಗುಳಿಗೆ ತರುವ ಚಟ ನಮ್ಮಲ್ಲಿದೆ. ಬಿ12 ಕೊರತೆ ಇದ್ದವರಿಗೆ ಬಿ12 ಬೇಕು. ಸಕ್ಕರೆಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದವರಲ್ಲಿ ಆ ಕೊರತೆ ಬರುವುದುಂಟು. ಹಾಗಾಗಿ ರಕ್ತ ಪರೀಕ್ಷೆ ಮಾಡಿಸಿ ತೆಗೆದುಕೋ, ಊಹೆಯಿಂದ ಬೇಡ. ಉರಿ ನಿದ್ದೆ ಕೆಡಿಸುವಷ್ಟಿದ್ದರೆ ಪ್ರೆಗಾಬಲಿನ್, ಅಮಿಟ್ರಿಪ್ಟಿಲಿನ್‌ನಂಥ ಗುಳಿಗೆಗಳಿವೆ. ಅವು ತೂಕಡಿಕೆ ತರುತ್ತವೆ, ಕೆಲವು ಹೃದಯದವರಿಗೆ ಹೊಂದುವುದಿಲ್ಲ. ಪಕ್ಕದ ಮನೆಯವನ ಚೀಟಿ ನೋಡಿ ನುಂಗುವುದಲ್ಲ.

ಅದಕ್ಕಿಂತ ದೊಡ್ಡ ಮಾತು: ಧಮನಿ ಸೆಟೆಯದಂತೆ ಕೊಡುವ ಡಿಲ್ಟಿಯಾಜೆಮ್ ಅಥವಾ ಆಮ್ಲೋಡಿಪಿನ್ ಥರದ ಗುಳಿಗೆಯನ್ನು ಡಾಕ್ಟರು ಹೇಳಿದಷ್ಟು ತಿಂಗಳೂ ತಪ್ಪಿಸಬೇಡ. ಬಿ.ಪಿ. ನಾರ್ಮಲ್ ಬಂತು, ಇನ್ಯಾಕೆ ಎಂದು ನೀನೇ ನಿಲ್ಲಿಸಿದರೆ ಕೈಯಿಂದ ಕೊಟ್ಟ ನಾಳ ಎದೆಯಲ್ಲಿ ಮುದುಡಬಹುದು. ಬೀಡಿಯೂ ನಿಲ್ಲಲಿ, ಗುಟ್ಕಾವೂ ನಿಲ್ಲಲಿ. ನಿಕೋಟಿನ್ ನಾಳಗಳನ್ನು ಕುಗ್ಗಿಸುತ್ತದೆ, ಬೆರಳಿಗೆ ಈಗ ಒಂದೇ ದಾರಿಯಿಂದ ರಕ್ತ ಬರುತ್ತಿರುವುದನ್ನು ಮರೆಯಬೇಡ.

ಕೈಗೆ ಕೆಲಸ ಕಲಿಸುವುದೂ ಒಂದು ಮದ್ದು. ಗಾಯ ಒಣಗಿ ಡಾಕ್ಟರು ಒಪ್ಪಿದ ಮೇಲೆ ಜೋಮಿನ ಜಾಗವನ್ನು ದಿನಾ ಸ್ವಲ್ಪ ಹೊತ್ತು ಮೊದಲು ಹತ್ತಿಯಿಂದ, ಆಮೇಲೆ ಮೆತ್ತನೆಯ ಬಟ್ಟೆಯಿಂದ, ಆಮೇಲೆ ಒರಟು ಟವೆಲಿನಿಂದ ಸವರು. ಮುಟ್ಟಿದರೆ ಹಾರಿಬೀಳುವ ಚರ್ಮ ನಿಧಾನಕ್ಕೆ ಒಗ್ಗಿಕೊಳ್ಳುತ್ತದೆ. ಮೆತ್ತನೆಯ ಚೆಂಡು ಹಿಸುಕು, ಹೆಬ್ಬೆರಳನ್ನು ಒಂದೊಂದಾಗಿ ಉಳಿದ ಬೆರಳಿಗೆ ಮುಟ್ಟಿಸು. ಎದೆಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಭಾರ ಎತ್ತುವುದು, ಟ್ರ್ಯಾಕ್ಟರ್ ಹತ್ತುವುದು, ಬೈಕು ಓಡಿಸುವುದು ಬೇಡ. ಆಮೇಲೂ ಬೈಕು ಹತ್ತುವ ಮೊದಲು ನಿಂತ ಗಾಡಿಯಲ್ಲೇ ಕ್ಲಚ್ಚು ಹಿಡಿದು ಬಿಟ್ಟು ನೋಡು. ಕೊಯ್ಲಿಗೆ ಹೋದಾಗ ಎಡಗೈಗೆ ದಪ್ಪ ಕೈಗವಸು ಹಾಕಿಕೋ, ಕುಡುಗೋಲು ತಾಗಿದರೂ ಹೆಬ್ಬೆರಳಿನ ಬೆನ್ನು ಹೇಳುವುದಿಲ್ಲ. ಹೆಣ್ಣುಮಕ್ಕಳಿಗೂ ಈ ಆಪರೇಷನ್ ಆಗುತ್ತದೆ. ರೊಟ್ಟಿ ಬಡಿಯುವ, ಹಂಚು ಮುಟ್ಟುವ, ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೈಗಳಿಗೂ ಇದೇ ಎಚ್ಚರ ಬೇಕು. ಗಡಿಯಾರ, ಬಿಗಿ ಬಳೆ ಆ ಕೈಗೆ ಬೇಡ. ನರ ಮಣಿಕಟ್ಟಿನ ಹತ್ತಿರ ಚರ್ಮದ ಕೆಳಗೇ ಇರುತ್ತದೆ, ಪಟ್ಟಿ ಒತ್ತಿದರೆ ಒಳ್ಳೆಯ ನರವೂ ಜೋಮು ಹಿಡಿಯುತ್ತದೆ.

ಮೂರು ತಿಂಗಳಾದರೂ ಒಂದಿಷ್ಟೂ ಸುಧಾರಿಸದಿದ್ದರೆ, ಬಲ ಕುಗ್ಗುತ್ತಿದ್ದರೆ ಸುಮ್ಮನಿರಬೇಡ. ನರದಲ್ಲಿ ಕರೆಂಟು ಹೇಗೆ ಹರಿಯುತ್ತದೆ ಎಂದು ಅಳೆಯುವ ಪರೀಕ್ಷೆ ದಾವಣಗೆರೆ, ಹುಬ್ಬಳ್ಳಿಯಂಥ ಊರುಗಳಲ್ಲಿ ಆಗುತ್ತದೆ. ಹೋಗುವಾಗ ಡಿಸ್ಚಾರ್ಜ್ ಸಾರಾಂಶದ ಜೆರಾಕ್ಸ್ ಜೊತೆಗಿರಲಿ. ಅದರಲ್ಲಿ ‘ಎಡಗೈ ರೇಡಿಯಲ್ ಧಮನಿ ತೆಗೆದಿದೆ’ ಎಂದು ಬರೆದಿದೆಯೇ ನೋಡಿಕೋ. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಮೊದಲ ಮಾತು ಅದೇ ಆಗಿರಲಿ. ಆ ಮಣಿಕಟ್ಟಿನಲ್ಲಿ ನಾಡಿ ಸಿಗದೆ ನರ್ಸಮ್ಮ ಗಾಬರಿಯಾಗುವುದು ಬೇಡ. ಉಳಿದ ಒಂದೇ ಧಮನಿಗೆ ಸೂಜಿ ಚುಚ್ಚುವುದೂ ಬೇಡ. ಮತ್ತೆ ಆಂಜಿಯೋ ಬೇಕಾದರೆ ಬೇರೆ ದಾರಿಯಿಂದ ಮಾಡುತ್ತಾರೆ.

ಕೊನೆಗೊಂದು ಮಾತು. ವಾರ್ಡಿನಲ್ಲಿ ಎಲ್ಲರೂ ‘ಎದೆ ಹೆಂಗೈತಿ’ ಎಂದು ಕೇಳುತ್ತಾರೆ, ಕೈಯನ್ನು ಯಾರೂ ಕೇಳುವುದಿಲ್ಲ. ದೊಡ್ಡ ಡಾಕ್ಟರು ನಿನ್ನ ಮಂಚದ ಹತ್ತಿರ ನಿಲ್ಲುವುದು ಎರಡು ನಿಮಿಷ. ಆ ಎರಡು ನಿಮಿಷಕ್ಕೆ ಚೀಟಿಯಲ್ಲಿ ಬರೆದುಕೊಂಡು ಸಿದ್ಧನಾಗಿರು. ಮುಂದಿನ ವಾರ ಭರ್ತಿಯಾಗುವ ಮೊದಲು ಹೋದಾಗ ನಾಲ್ಕು ಪ್ರಶ್ನೆ ಕೇಳು: ಕೈಯ ರಕ್ತ ಹರಿವಿನ ಪರೀಕ್ಷೆ ಆಗಿದೆಯಾ, ಯಾವ ಕೈ, ಯಾಕೆ ಆ ಕೈ, ಜೋಮು ಬಂದರೆ ಯಾರಿಗೆ ತೋರಿಸಬೇಕು? ಅಳಿಯನನ್ನು ಜೊತೆಗೆ ಕರೆದುಕೊಂಡು ಹೋಗು, ಅವನು ಉತ್ತರ ಬರೆದುಕೊಳ್ಳಲಿ. ತಿಳಿಯದಿದ್ದರೆ ಇನ್ನೊಮ್ಮೆ ಕೇಳು. ಉತ್ತರ ಅರ್ಥವಾದ ಮೇಲೆ ಸಹಿ ಮಾಡು, ಅದಕ್ಕೆ ಮೊದಲು ಬೇಡ. ಮತ್ತೆ, ಇವತ್ತು ರಾತ್ರಿ ಹೊಟ್ಟೆ ತುಂಬ ಉಣ್ಣು.